ಮನೆಯಿಂದ ಹೊರಟ ಬಾನುಲಿ, ಮನೆಗೆ ಮರಳಿದ ಬಾನುಲಿ

ವಾಚಕರೇ, ತಾಯಿ ಮಗಳು, ತಂದೆ ಮಗ, ಹೀಗೆ ಇಬ್ಬರು ಒಟ್ಟಿಗೆ ಕುಳಿತು, ಮನೆಯ ಒಂದು ಕೋಣೆಯನ್ನೇ ಪ್ರಸಾರ ನಿಲಯವನ್ನಾಗಿ ಮಾಡಿಕೊಂಡು, ತಮ್ಮ ಸಂಭಾಷಣೆಯನ್ನು ಲೋಕಕ್ಕೆ ಕೇಳಿಸುವ ರೂಢಿಯೊಂದು ಈಚೆಗೆ ಬಂದಿದೆ. ಇದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಆಕಾಶವಾಣಿಯ ಕಾರ್ಯಕ್ರಮವನ್ನು ಗೊತ್ತಾದ ವೇಳೆಗೆ ಕೇಳಬೇಕು. ಪಾಡ್‌ಕಾಸ್ಟನ್ನಾದರೋ ಕೇಳುಗನು ತನಗೆ ಬಿಡುವಾದಾಗ, ಬೇಕಾದಷ್ಟು ಸಲ ಕೇಳಬಹುದು. ನಮ್ಮ ಅಂಬಾಜಿದುರ್ಗದ ತಪ್ಪಲಿನ ಹಳ್ಳಿಗಳ ಮಕ್ಕಳು ಕೂಡ, “ಮೇಷ್ಟ್ರೇ, ನಾನೂ ನಮ್ಮಮ್ಮನೂ ಸೇರಿ ಒಂದು ಮಾಡಬಹುದೆ?” ಎಂದು ಕೇಳುವ ಕಾಲ ಬಂದಿದೆ. ಇದು ಬರಿಯ ಮಕ್ಕಳಾಟವೆಂದು ನಗುವವರುಂಟು. ಹಿಂದೆಂದೂ ಇಲ್ಲದ ಅದ್ಭುತವೆಂದು ಕೊಂಡಾಡುವವರೂ ಉಂಟು. ಬಾನುಲಿಯ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲಲಾರವು. ಬಾನುಲಿ ಹುಟ್ಟಿದ್ದೇ ಮನೆಯಲ್ಲಿ. ಅಲ್ಲಿಂದ ಅದು ಸರ್ಕಾರದ ಕಟ್ಟಡಕ್ಕೆ ಹೋಯಿತು. ಈಗ ತಿರುಗಿ ಮನೆಗೆ ಬರುತ್ತಿದೆ. ಹೋಗಿ ಬರುವಾಗ ಅದು ಕಲಿತದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹೆತ್ತವರೂ ಮಕ್ಕಳೂ ಪ್ರಶ್ನೋತ್ತರ ರೂಪದಲ್ಲಿ ಮಾತನಾಡಿ, ಆ ಮಾತು ಮೂರನೆಯವರಿಗೂ ಪ್ರಯೋಜನವಾಗುವುದು ನಮ್ಮಲ್ಲಿ ಹೊಸತಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗುವು ತನ್ನ ತಂದೆ ವರುಣನನ್ನು ಬ್ರಹ್ಮವೆಂದರೇನೆಂದು ಕೇಳುತ್ತಾನೆ. ತಂದೆ ಸಿದ್ಧವಾದ ಉತ್ತರವನ್ನು ಕೈಗೆ ಕೊಟ್ಟು ಕಳುಹಿಸುವುದಿಲ್ಲ. ಒಂದು ಲಕ್ಷಣವನ್ನು ಮಾತ್ರ ಹೇಳಿ, ತಪಸ್ಸಿನಿಂದ ತಿಳಿದುಕೋ ಎನ್ನುತ್ತಾನೆ. ಮಗ ಅನ್ನವೆಂದು ತಿಳಿದು ಬರುತ್ತಾನೆ, ಪ್ರಾಣವೆಂದು ಬರುತ್ತಾನೆ, ಮನಸ್ಸೆಂದು ಬರುತ್ತಾನೆ, ವಿಜ್ಞಾನವೆಂದು ಬರುತ್ತಾನೆ. ನಾಲ್ಕು ಸಲವೂ ತಂದೆ ಬೇಸರಪಡದೆ ಹಿಂದಕ್ಕೆ ಕಳುಹಿಸುತ್ತಾನೆ. ಛಾಂದೋಗ್ಯದ ಉದ್ದಾಲಕನು ಮಗ ಶ್ವೇತಕೇತುವಿನ ಕೈಯಿಂದಲೇ ಆಲದ ಬೀಜವನ್ನು ಒಡೆಯಿಸಿ, ನೀರಿನಲ್ಲಿ ಉಪ್ಪನ್ನು ಕರಗಿಸಿ ತೋರಿಸುತ್ತಾನೆ. ಕಠೋಪನಿಷತ್ತಿನ ತಂದೆಯ ರೀತಿ ಬೇರೆ. ತನ್ನನ್ನು ಯಾರಿಗೆ ದಾನ ಕೊಡುವೆಯೆಂದು ಬಾಲಕ ನಚಿಕೇತನು ಮೂರು ಸಲ ಕೇಳಿದಾಗ ಅವನು ಸಿಟ್ಟಿಗೆದ್ದು, ಯಮನಿಗೆ ಎಂದುಬಿಡುತ್ತಾನೆ. ಮಕ್ಕಳ ಪ್ರಶ್ನೆಯನ್ನು ಎದುರಿಸುವ ಈ ಎರಡು ಬಗೆಯ ಹಿರಿಯರು ಇಂದಿಗೂ ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಧ್ವನಿಯಂತ್ರದ ಮುಂದೆ ಕುಳಿತಾಗ ಯಾರು ಯಾವ ಬಗೆಯವರೆಂಬುದು ಬೇಗನೆ ಗೊತ್ತಾಗುತ್ತದೆ.

ಕನ್ನಡದಲ್ಲಿಯೂ ಇಂತಹ ನಿದರ್ಶನಗಳಿಗೆ ಕೊರತೆಯಿಲ್ಲ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ‘ಸೂಕ್ತಿಸುಧಾರ್ಣವ’ದಲ್ಲಿ ಸಂಕಲಿಸಿದನು, ಅವನ ಮಗ ಕೇಶಿರಾಜನು ಕವಿಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ತಂದೆಯ ಕಿವಿಗೆ ಇಂಪಾದದ್ದು ಮಗನ ಕೈಯಲ್ಲಿ ಶಾಸ್ತ್ರವಾಯಿತು. ನಮ್ಮ ಕಾಲದಲ್ಲಿ ಮತ್ತೂರಿನ ಎಚ್. ಆರ್. ಕೇಶವಮೂರ್ತಿಗಳು ಗಮಕದ ಮೊದಲ ಪಾಠವನ್ನು ತಂದೆ ರಾಮಸ್ವಾಮಿ ಶಾಸ್ತ್ರಿಗಳಿಂದಲೇ ಕಲಿತರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಗಮಕವೆಂಬುದು ಇಬ್ಬರ ಕಲೆ. ಒಬ್ಬರು ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ಒಬ್ಬನೇ ಮಾತನಾಡಿದರೆ ಭಾಷಣವಾಗುತ್ತದೆ, ಇಬ್ಬರು ಸೇರಿದರೆ ಕೇಳುವವನಿಗೂ ನಡುವೆ ಒಂದು ಮಣೆ ಹಾಕಿದಂತಾಗುತ್ತದೆ ಎಂಬ ಗುಟ್ಟು ಗಮಕಿಗಳಿಗೆ ತಿಳಿದಿತ್ತು.

ಇನ್ನು ಯಂತ್ರದ ಕತೆಗೆ ಬರೋಣ. ತಂತಿಯಿಲ್ಲದೆ ಸಂದೇಶ ಕಳುಹಿಸುವ ವಿದ್ಯೆ ಬಳಕೆಗೆ ಬಂದದ್ದರ ಹಿಂದೆ ಒಬ್ಬ ತಾಯಿ ಇದ್ದಾಳೆ. 1874ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಹುಟ್ಟಿದ ಗುಲ್ಯೆಲ್ಮೊ ಮಾರ್ಕೋನಿಯ ತಾಯಿ ಆನಿ ಜೇಮ್ಸನ್ ಐರ್ಲೆಂಡಿನವಳು. ಮಗನು ಮನೆಯ ಅಟ್ಟದ ಮೇಲೆ ತಂತಿ, ಲೋಹದ ಪುಡಿ, ಗಂಟೆಗಳನ್ನು ಹರಡಿಕೊಂಡು ಕುಳಿತಾಗ ಅವನಿಗೆ ಬೆಂಬಲವಾಗಿ ನಿಂತವಳು ಅವಳು. 1895ರಲ್ಲಿ ಆ ಮನೆಯಿಂದ ಹೊರಟ ಸಂಕೇತ ಎದುರಿನ ದಿಬ್ಬವನ್ನು ದಾಟಿತು. ಮರುವರ್ಷ ತಾಯಿಯೇ ಮಗನನ್ನು ಲಂಡನ್ನಿಗೆ ಕರೆದುಕೊಂಡು ಹೋಗಿ, ತನ್ನ ಬಂಧುಗಳ ಮೂಲಕ ಬಲ್ಲವರ ಪರಿಚಯ ಮಾಡಿಸಿದಳು. 1896ರ ಜೂನ್ 2ರಂದು ಅವನು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಆ ಕಾಲದಲ್ಲಿಯೇ ಕಲ್ಕತ್ತೆಯಲ್ಲಿ ನಮ್ಮ ಜಗದೀಶಚಂದ್ರ ಬೋಸರೂ ಕಾಣದ ಅಲೆಗಳಿಂದ ಗಂಟೆ ಬಾರಿಸಿ ತೋರಿಸಿದ್ದರೆಂಬುದನ್ನು ಮರೆಯುವಂತಿಲ್ಲ. ಮಗನ ಯಂತ್ರದ ಒಳಮರ್ಮ ಆನಿಗೆ ಎಷ್ಟು ತಿಳಿದಿತ್ತೋ ಏನೋ. ಮಗನ ಹಂಬಲ ಮಾತ್ರ ಚೆನ್ನಾಗಿ ತಿಳಿದಿತ್ತು.

ಕನ್ನಡ ನಾಡಿನ ಬಾನುಲಿಯೂ ಮನೆಯೊಂದರಲ್ಲಿಯೇ ಕಣ್ಣು ತೆರೆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಕೋಣೆಯೊಂದರಲ್ಲಿ ಉರಿಯುವ ಸಾಧಾರಣ ದೀಪದ ಶಕ್ತಿಯಷ್ಟು. ಮುಂದೆ ಅವರು 250 ವ್ಯಾಟಿನ ಯಂತ್ರವನ್ನು ತರಿಸಿದರು. ನಾ. ಕಸ್ತೂರಿಯವರಂತಹ ಸಾಹಿತಿಗಳು ಅವರಿಗೆ ಹೆಗಲು ಕೊಟ್ಟರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಈ ಮನೆಯ ನಿಲಯಕ್ಕೆ ಸಂದದ್ದು. 1950ರ ದಶಕದಲ್ಲಿ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಮನೆಯ ಕೂಸಿಗೆ ಇಟ್ಟ ಹೆಸರನ್ನು ದೇಶವೇ ಕರೆದಂತಾಯಿತು.

ಗೋಪಾಲಸ್ವಾಮಿಯವರು ಮನಶ್ಶಾಸ್ತ್ರಜ್ಞರು, ಯಂತ್ರವನ್ನು ಕೊಳ್ಳುವುದಕ್ಕಿಂತ, ದಿನದಿನವೂ ಅದಕ್ಕೆ ಹೇಳತಕ್ಕ ಮಾತನ್ನು ಒದಗಿಸುವುದು ಕಷ್ಟವೆಂಬುದು ಅವರ ಅನುಭವಕ್ಕೆ ಬಂದಿರಬೇಕು. ಸಂಗೀತ, ಭಾಷಣ, ನಾಟಕ ಎಲ್ಲಕ್ಕೂ ಜನ ಬೇಕು, ಹಣ ಬೇಕು, ವೇಳೆ ಬೇಕು. ಕೆಲವು ವರ್ಷ ಅವರು ತಮ್ಮ ಕೈಯ ಹಣದಿಂದಲೂ, ಅನಂತರ ನಗರಸಭೆಯ ನೆರವಿನಿಂದಲೂ ನಿಲಯವನ್ನು ನಡೆಸಿದರು. 1942ರಲ್ಲಿ ಮೈಸೂರು ಸರ್ಕಾರವು ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರದ ಬಾನುಲಿಯಲ್ಲಿ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಆರಂಭವಾಯಿತು. ಹೀಗೆ ಬಾನುಲಿ ಮನೆಯನ್ನು ಬಿಟ್ಟು ಕಚೇರಿಗೆ ಹೋಯಿತು.

ಹೋದದ್ದರಿಂದ ನಷ್ಟವಾಯಿತೆಂದು ಹೇಳಲಾಗದು. ನಿಲಯವೆಂದ ಮೇಲೆ ಅಲ್ಲಿ ಒಂದು ಶಿಸ್ತು ಬಂದಿತು. ಭಾಷಣಕಾರರು ಬರೆದು ತಂದದ್ದನ್ನು ಮತ್ತೊಬ್ಬರು ಓದಿ ನೋಡುತ್ತಿದ್ದರು. ಹದಿನೈದು ನಿಮಿಷವೆಂದರೆ ಹದಿನೈದೇ ನಿಮಿಷ. ಹೆಸರು, ಇಸವಿ ತಪ್ಪಾಗಬಾರದು, ಯಾರ ಮನಸ್ಸಿಗೂ ಸುಮ್ಮನೆ ನೋವಾಗಬಾರದು, ಉಚ್ಚಾರಣೆ ಶುದ್ಧವಾಗಿರಬೇಕು. ಹಳ್ಳಿಯ ರೈತನಿಗೂ ಪಟ್ಟಣದ ಗೃಹಿಣಿಗೂ ಮಗುವಿಗೂ ಬೇರೆ ಬೇರೆ ವೇಳೆ ಗೊತ್ತಾಯಿತು. ಆದರೆ ಒಂದು ಮಾತು ನಿಜ: ಜನರು ಕೇಳುವವರಾದರು, ಹೇಳುವವರು ಕೆಲವರೇ ಆದರು. 1980ರ ದಶಕದ ನಡುಭಾಗದ ವರೆಗೂ ಮನೆಯಲ್ಲಿ ರೇಡಿಯೋ ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು. ಕೇಳುವುದಕ್ಕೇ ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ ಹೇಳುವ ಮಾತನ್ನು ಯಾರು ಎತ್ತಬಲ್ಲರು?

ಕಟ್ಟು ಸಡಿಲವಾದದ್ದು 1995ರಲ್ಲಿ. ಆ ವರ್ಷದ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಆ ತೀರ್ಪಿಗೆ ಕಾರಣವಾದದ್ದು ಕ್ರಿಕೆಟ್ ಪಂದ್ಯದ ಪ್ರಸಾರದ ವ್ಯಾಜ್ಯವೆಂಬುದು ಸ್ವಾರಸ್ಯದ ಸಂಗತಿ. ತೀರ್ಪು ಬಂದೊಡನೆ ಹಳ್ಳಿಗೆ ನಿಲಯ ಬರಲಿಲ್ಲ. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಜನಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅಪ್ಪಣೆ ದೊರೆಯಿತು.

ಈ ನಡುವಿನ ಕಾಲದಲ್ಲಿ ನಮ್ಮ ಸೀಮೆಯೇ ದಾರಿ ತೋರಿಸಿದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಂಬಾಜಿದುರ್ಗವಿರುವ ಚಿಂತಾಮಣಿ ತಾಲ್ಲೂಕು 2007ರ ವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧ. ಅಲ್ಲಿ 2001ರ ಸುಮಾರಿಗೆ ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳೂ ಯುನೆಸ್ಕೋವೂ ಕೈಜೋಡಿಸಿ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ತೆರೆದವು. ಅಲೆಯ ಮೂಲಕ ಪ್ರಸಾರ ಮಾಡಲು ಆಗ ಕಾನೂನಿನ ಸಮ್ಮತಿಯಿರಲಿಲ್ಲ. ಹಳ್ಳಿಯವರು ಧೃತಿಗೆಡಲಿಲ್ಲ. ಕ್ಯಾಸೆಟ್ಟಿನಲ್ಲಿ ತುಂಬಿದ ಕಾರ್ಯಕ್ರಮವನ್ನು ಸಂಘದ ಸಭೆಗಳಲ್ಲಿ ಧ್ವನಿವರ್ಧಕದಿಂದ ಕೇಳಿಸಿದರು. 2003ರಿಂದ ಟೆಲಿವಿಷನ್ ಕೇಬಲ್ಲಿನ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿಸಿದರು. ಸ್ತ್ರೀಯರ ಸ್ವಸಹಾಯ ಸಂಘಗಳ ಸದಸ್ಯೆಯರು ಅಲ್ಲಿ ಮಾತನಾಡಿದರು, ಹಾಡಿದರು, ತಮ್ಮ ತಮ್ಮ ಕಷ್ಟಸುಖಗಳನ್ನು ಹೇಳಿಕೊಂಡರು. ಆಕಾಶ ಸಿಕ್ಕದಿದ್ದರೆ ತಂತಿಯಲ್ಲಿಯಾದರೂ ಹೋಗಲಿ ಎಂಬ ಈ ಛಲವನ್ನು ಕನ್ನಡ ಬಾನುಲಿಯ ಇತಿಹಾಸಕಾರರು ಮರೆಯಬಾರದು.

ಪಾಡ್‌ಕಾಸ್ಟ್ ಎಂಬ ಶಬ್ದ ಹುಟ್ಟಿದ್ದು ಈ ವರ್ಷಗಳಲ್ಲಿಯೇ. ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ 2004ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಅದನ್ನು ಬಳಸಿದನು. ಕಿಸೆಯಲ್ಲಿಟ್ಟು ಕೇಳುವ ‘ಐಪಾಡ್’ ಎಂಬ ಯಂತ್ರದ ಹೆಸರಿಗೆ ಪ್ರಸಾರವೆಂಬ ಅರ್ಥದ ಇಂಗ್ಲಿಷ್ ಮಾತಿನ ಬಾಲವನ್ನು ಜೋಡಿಸಿದ ಶಬ್ದ ಅದು. ಯಂತ್ರ ಹಳೆಯದಾಯಿತು, ಹೆಸರು ಉಳಿಯಿತು. ಇದರ ಕ್ರಮ ಸರಳವಾದದ್ದು. ಮಾತನ್ನು ಮೊಬೈಲಿನಲ್ಲಿಯೋ ಗಣಕದಲ್ಲಿಯೋ ಮುದ್ರಿಸಿಕೊಂಡು, ಬೇಡದ ಭಾಗವನ್ನು ಕತ್ತರಿಸಿ, ಅಂತರಜಾಲದ ಉಗ್ರಾಣವೊಂದರಲ್ಲಿ ಇಡುತ್ತಾರೆ. ಅದರ ಜೊತೆಗೊಂದು ಸೂಚಿಪಟ್ಟಿ ಇರುತ್ತದೆ. ಹೊಸ ಕಂತು ಸೇರಿದೊಡನೆ ಆ ಪಟ್ಟಿ ಚಂದಾದಾರರ ಯಂತ್ರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಗೋಪುರ ಬೇಡ, ಅಲೆ ಬೇಡ, ಲೈಸೆನ್ಸ್ ಬೇಡ. ಬೆಂಗಳೂರಿನ ‘ತಲೆ-ಹರಟೆ’ಯಂತಹ ಪಾಡ್‌ಕಾಸ್ಟುಗಳು ಕನ್ನಡದಲ್ಲಿಯೂ ದೀರ್ಘ ಸಂಭಾಷಣೆಗೆ ಕೇಳುಗರು ಇದ್ದಾರೆಂಬುದನ್ನು ತೋರಿಸಿಕೊಟ್ಟಿವೆ.

ಹೀಗೆ ಬಾನುಲಿ ಮನೆಗೆ ಮರಳಿದೆ. ಮರಳಿದ ಬಾನುಲಿಯಲ್ಲಿ ತಾಯಿಮಕ್ಕಳು ಏನನ್ನು ಹೇಳಬೇಕು? ಇಲ್ಲಿ ಎರಡು ಉದಾಹರಣೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿ.

ಜಾರ್ಜ್ ಗ್ರಿಯರ್ಸನ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ನಡೆದ ಭಾರತದ ಭಾಷಾ ಸರ್ವೇಕ್ಷಣೆಯು ದೇಶದ ನೂರಾರು ಭಾಷೆ ಉಪಭಾಷೆಗಳ ಮಾದರಿಗಳನ್ನು ಕಲೆಹಾಕಿತು. ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಹೊರಬಂದಿತು. 1913ರಿಂದ 1929ರ ವರೆಗೆ ಅನೇಕ ಭಾಷೆಗಳ ಮಾತನ್ನು ಗ್ರಾಮಫೋನ್ ತಟ್ಟೆಗಳಲ್ಲಿಯೂ ಹಿಡಿದಿಟ್ಟರು. ಹೋಲಿಸಿ ನೋಡಲು ಎಲ್ಲರಿಂದಲೂ ಒಂದೇ ಕತೆಯನ್ನು ಹೇಳಿಸಿದರು. ಆ ಕತೆ ಯಾವುದು ಬಲ್ಲಿರಾ? ಮನೆ ಬಿಟ್ಟು ಹೋದ ಮಗ ಮರಳಿ ಬಂದಾಗ ತಂದೆ ಅವನನ್ನು ಅಪ್ಪಿಕೊಳ್ಳುವ ಬೈಬಲ್ಲಿನ ಸಾಮತಿ. ಭಾಷೆಯ ಲಕ್ಷಣವನ್ನು ತಿಳಿಯಲು ಆ ಕೆಲಸ ಅಮೂಲ್ಯವಾದದ್ದು. ಆದರೆ ಹೇಳಿದವನ ಮನೆಯ ಸ್ವಂತ ಕತೆ ಏನೆಂದು ಕೇಳುವುದು ಆ ಕಾರ್ಯದ ಉದ್ದೇಶವಾಗಿರಲಿಲ್ಲ. ತಂದೆಮಕ್ಕಳ ಕತೆ ಉಳಿಯಿತು. ಅದು ಹೇಳಿದ ತಂದೆಯದೂ ಅಲ್ಲ, ಮಗನದೂ ಅಲ್ಲ.

ಇನ್ನೊಂದು ಉದಾಹರಣೆ ಅಮೆರಿಕೆಯದು. 2003ರಲ್ಲಿ ಡೇವ್ ಐಸೇ ಎಂಬವರು ನ್ಯೂಯಾರ್ಕಿನ ದೊಡ್ಡ ರೈಲು ನಿಲ್ದಾಣದಲ್ಲಿ ಒಂದು ಸಣ್ಣ ಗೂಡನ್ನು ಕಟ್ಟಿಸಿ ‘ಸ್ಟೋರಿಕೋರ್’ ಎಂಬ ಕಾರ್ಯವನ್ನು ಆರಂಭಿಸಿದರು. ಪರಸ್ಪರ ಬಲ್ಲ ಇಬ್ಬರು, ಅನೇಕ ಸಲ ತಾಯಿಯೂ ಮಗನೂ, ತಾತನೂ ಮೊಮ್ಮಗಳೂ, ಅಲ್ಲಿ ಕುಳಿತು ಸುಮಾರು 40 ನಿಮಿಷ ಮಾತನಾಡಬೇಕು. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು. ಆ ಮಾತಿನ ಒಂದು ಪ್ರತಿ ಅವರ ಮನೆಗೆ. ಒಪ್ಪಿಗೆಯಿದ್ದರೆ ಮತ್ತೊಂದು ಅಮೆರಿಕೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ. ಬಿ. ಬಿ. ಸಿ. ಸಂಸ್ಥೆಯೂ 2012ರಲ್ಲಿ ಇದೇ ಮಾದರಿಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಗ್ರಿಯರ್ಸನ್ನರ ತಟ್ಟೆಗಳಲ್ಲಿ ಕತೆ ಒಂದು, ಕಂಠಗಳು ಹಲವು. ಇಲ್ಲಿ ಎಷ್ಟು ಮನೆಗಳೋ ಅಷ್ಟು ಕತೆಗಳು.

ಅಂಬಾಜಿದುರ್ಗದ ಸೀಮೆಯ ಮನೆಗಳಿಗೆ ಈ ಎರಡನೆಯ ಮಾದರಿ ಏಕೆ ಬೇಕೆಂದು ಹೇಳುತ್ತೇನೆ. ಸುಮಾರು 4,400 ಅಡಿ ಎತ್ತರದ ನಮ್ಮ ಬೆಟ್ಟದ ಮೇಲೆ ಕೋಟೆಯ ಅವಶೇಷಗಳಿವೆ. ಸಮೀಪದಲ್ಲಿಯೇ ರಹಮಾನಗಡದ ಬೆಟ್ಟ. ಇಲ್ಲಿನ ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮುರುಗಮಲ್ಲದ ಕಡೆ ಹೋದರೆ ದಖ್ಖನಿಯೂ ಕಿವಿಗೆ ಬೀಳುತ್ತದೆ. ಕೈವಾರದ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ತತ್ತ್ವಪದಗಳನ್ನು ಹಾಡಿದರು; ಅವು ಭಜನೆಯ ಮೇಳಗಳಲ್ಲಿ ತಂದೆಯ ಕಂಠದಿಂದ ಮಗನ ಕಂಠಕ್ಕೆ ಬಂದವು. ಮನೆಯ ಮಾತು ಶಾಲೆಯ ಮಾತಿಗಿಂತ ಕೀಳೆಂಬ ನಾಚಿಕೆ ತಾತಯ್ಯನವರಿಗೆ ಇರಲಿಲ್ಲ. ನಮ್ಮ ಮಕ್ಕಳಲ್ಲಿ ಈಗ ಅದು ಇಣುಕುತ್ತಿದೆ.

ಭಾಷೆಗಿಂತ ಬೇಗ ಕಳೆದುಹೋಗುವುದು ಕೆಲಸದ ಮಾತು. ರೇಷ್ಮೆ ಸಾಕುವ ತಾಯಿಗೆ ಹುಳು ಜ್ವರಕ್ಕೆ ಕುಳಿತಿತೆಂದರೆ ರೋಗವಲ್ಲ, ಪೊರೆ ಬಿಡುವ ಹೊತ್ತು. ನಾಲ್ಕು ಜ್ವರ ಕಳೆದ ಮೇಲೆ ಅದು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಯ ದಾರಿ. ಈ ಮಾತುಗಳನ್ನು ಪಠ್ಯಪುಸ್ತಕ ಹೇಳಿಕೊಡುವುದಿಲ್ಲ. ಬೆಂಗಳೂರಿಗೆ ಓದಲು ಹೋದ ಮಗಳಿಗೆ ‘ಹಣ್ಣಾಯಿತು’ ಎಂದರೆ ಮಾವು ಮಾತ್ರ ನೆನಪಾಗುವ ದಿನ ದೂರವಿಲ್ಲ. ಎತ್ತುಗಳನ್ನು ಕಟ್ಟಿ ಕಪಿಲೆ ಹೊಡೆದ ತಾತಂದಿರು ವಿರಳವಾಗುತ್ತಿದ್ದಾರೆ. ಕೆರೆ ಕೋಡಿ ಹರಿದಾಗ ಊರು ಏನು ಮಾಡುತ್ತಿತ್ತು, ಕೊಳವೆ ಬಾವಿ ಬಂದ ಮೇಲೆ ತೆರೆದ ಬಾವಿಗಳು ಹೇಗೆ ಬತ್ತಿದವು ಎಂಬುದನ್ನು ಕಣ್ಣಾರೆ ಕಂಡವರು ಅವರು. ಮರಾಠಾ ಮುಖಂಡ ಚಿಂತಾಮಣಿರಾಯನಿಂದ ಚಿಂತಾಮಣಿಗೆ ಆ ಹೆಸರು ಬಂದಿತೆಂಬುದನ್ನು ಗ್ಯಾಸೆಟಿಯರ್ ಹೇಳುತ್ತದೆ. ನಮ್ಮ ಹೊಲದ ಹೆಸರು ಹೇಗೆ ಬಂದಿತೆಂಬುದನ್ನು ಮನೆಯ ಅವ್ವ ಮಾತ್ರ ಹೇಳಬಲ್ಲಳು. ಅವಳನ್ನು ಕೇಳತಕ್ಕವರು ಮಕ್ಕಳು. ಕೇಳುವ ಮಗುವಿನ ಪಕ್ಕದಲ್ಲಿ ಕುಳಿತು ನಡೆಸಿಕೊಡತಕ್ಕವರು ತಾಯಿತಂದೆಯರು.

ಆದರೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಿಲಯವು ಮನೆಗೆ ಬಂದಾಗ ನಿಲಯದ ಶಿಸ್ತೂ ಜೊತೆಗೆ ಬರಬೇಡವೆ? ಮೊದಲು ಅಲ್ಲಿ ಓದಿ ನೋಡುವ ಅಧಿಕಾರಿಯಿದ್ದರು. ಇಲ್ಲಿ ಆ ಕೆಲಸವೂ ಹೆತ್ತವರದೇ. ಇಸವಿ ಗೊತ್ತಿಲ್ಲದಿದ್ದರೆ “ನನಗೆ ತಿಳಿಯದು ಮಗು, ವಿಚಾರಿಸಿ ಮುಂದಿನ ಕಂತಿನಲ್ಲಿ ಹೇಳೋಣ” ಎನ್ನುವುದರಿಂದ ತಂದೆಯ ಗೌರವ ಕುಂದುವುದಿಲ್ಲ. ಭೃಗುವಿನ ತಂದೆಯ ದಾರಿಯೇ ಅದು. ಮಗುವಿಗೆ ಪ್ರಶ್ನೆಯನ್ನು ಬರೆದುಕೊಟ್ಟು ಗಿಳಿಯಂತೆ ಒಪ್ಪಿಸುವುದು ಮಾತ್ರ ಸಲ್ಲದು. ಅದು ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಮಗುವಿಗಂತೂ ಮೊದಲೇ ಗೊತ್ತಿರುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಒಂದಿದೆ. 1935ರಲ್ಲಿ ಆಡಿದ ಮಾತು ಆಡಿದೊಡನೆ ಗಾಳಿಗೆ ಸಂದಿತು. ಇಂದಿನ ಮಾತು ಹಾಗಲ್ಲ. ಎಂಟು ವರ್ಷದ ಹುಡುಗ ತೊದಲಿದ್ದು, ಅತ್ತದ್ದು, ಮನೆಯ ಜಗಳವನ್ನು ಬಾಯಿ ಜಾರಿ ಹೇಳಿದ್ದು ಅವನಿಗೆ ಮೂವತ್ತಾದಾಗಲೂ ಯಾರದೋ ಕಿವಿಯಲ್ಲಿ ಮೊಳಗಬಹುದು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸುವ ಸಂಸ್ಥೆಗಳು ಹೆತ್ತವರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಪಾಡ್‌ಕಾಸ್ಟ್ ಮಾಡುವವರೇ ಹೆತ್ತವರಾದಾಗ, ಮಗುವಿನ ಪರವಾಗಿ ಹೆತ್ತವರ ಒಪ್ಪಿಗೆಯನ್ನು ಯಾರು ಪರೀಕ್ಷಿಸಬೇಕು? ಅದನ್ನು ಕಾನೂನು ಮಾಡಲಾರದು. ಆದುದರಿಂದ ಪ್ರತಿಯೊಂದು ಕಂತನ್ನೂ ಹೊರಗೆ ಬಿಡುವ ಮುನ್ನ ಇಬ್ಬರೂ ಒಟ್ಟಿಗೆ ಕೇಳಬೇಕು. ಮಗು ಬೇಡವೆಂದ ಮಾತನ್ನು ಕಾರಣ ಕೇಳದೆ ತೆಗೆದುಬಿಡಬೇಕು. ಹೆಸರು, ಶಾಲೆ, ಮನೆಯ ಗುರುತುಗಳನ್ನು ಹೇಳಬಾರದು. ಕೇಳುಗರು ಹತ್ತೇ ಮಂದಿಯೆಂದು ಮಗುವಿನ ಮುಂದೆ ಕೊರಗಬಾರದು. ಎಲ್ಲ ಕಂತುಗಳನ್ನೂ ಲೋಕಕ್ಕೆ ಬಿಡಬೇಕೆಂಬ ನಿಯಮವೂ ಇಲ್ಲ. ಕೆಲವು ಸಂಭಾಷಣೆಗಳು ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯಲಿ. ಮುಂದೊಂದು ದಿನ ಅವೇ ಹೆಚ್ಚು ಬೆಲೆಯುಳ್ಳವಾಗಬಹುದು.

ಪ್ರಿಯ ವಾಚಕರೇ, ಗೋಪಾಲಸ್ವಾಮಿಯವರಿಗೆ ತಮ್ಮ ಮಾತನ್ನು ಊರಾಚೆಗೆ ಮುಟ್ಟಿಸುವುದು ಹೇಗೆಂಬ ಚಿಂತೆಯಿತ್ತು. ಬೂದಿಕೋಟೆಯವರಿಗೆ ಅಪ್ಪಣೆಯ ಚಿಂತೆಯಿತ್ತು. ನಿಮಗೆ ಎರಡೂ ಇಲ್ಲ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಮೊಬೈಲನ್ನು ಮಡಿಸಿದ ಕಂಬಳಿಯ ಮೇಲಿಟ್ಟರೆ ನಿಲಯ ಸಿದ್ಧವಾಯಿತು. ಈ ಬೇಸಗೆಯ ರಜೆಯಲ್ಲಿ ಒಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆಯಿರಿ. ಅವರಿಗೆ ಕಾಯುವ ವ್ಯವಧಾನ ಹೆಚ್ಚು ದಿನ ಇರಲಾರದು. ಮೊದಲ ಪ್ರಶ್ನೆಯನ್ನು ಮಗುವೇ ಕೇಳಲಿ.